ಶುಂಠಿಯ ಸೀಸೆಗೆ ಮಣ್ಣಿನ ಲೆಕ್ಕವೂ ಬೇಕು

ಜಿಂಜರ್ ಏಲ್ ಹೊಸ ಪಾನೀಯವೇನಲ್ಲ. ಟೊರಾಂಟೊದ ಜಾನ್ ಮೆಕ್‌ಲಾಫ್ಲಿನ್ 1904ರಲ್ಲಿ ರೂಪಿಸಿದ ತಿಳಿಬಣ್ಣದ ‘ಕೆನಡಾ ಡ್ರೈ’, ಅಮೆರಿಕದ ಪಾನನಿಷೇಧದ ವರ್ಷಗಳಲ್ಲಿ (1920–33) ಕಳ್ಳಮದ್ಯದ ಘಾಟನ್ನು ಮರೆಮಾಚಲು ಒದಗಿ ಮನೆಮಾತಾಯಿತು. ಈ ಶತಮಾನದಲ್ಲಿ ಅದರ ಅಂತಸ್ತು ಬದಲಾಗಿದೆ. ಲೋಟದ ಮುಕ್ಕಾಲು ಪಾಲು ಬೆರಕೆಯ ಪಾನೀಯವೇ ಆಗಿರುವಾಗ ಅದೇ ಉತ್ತಮವಾಗಿರಬೇಡವೇ ಎಂಬ ವಾದದೊಂದಿಗೆ ಬ್ರಿಟನ್ನಿನ ಫೀವರ್-ಟ್ರೀ ಸಂಸ್ಥೆ 2005ರಲ್ಲಿ ಮಾರುಕಟ್ಟೆಗಿಳಿಯಿತು. ಮುಂದೆ ಹೊಗೆಯ ಘಮಲಿನದು, ಮಸಾಲೆ-ಕಿತ್ತಳೆಯದು ಎಂದು ಜಿಂಜರ್ ಏಲ್‌ಗೆ ಹಲವು ಸ್ವಾದಗಳು ಕೂಡಿಕೊಂಡವು. ಶುಂಠಿಯ ತವರೂ ಜಾಹೀರಾತಿನ ವಸ್ತುವಾಯಿತು: ನೈಜೀರಿಯಾ, ಐವರಿ ಕೋಸ್ಟ್, ಕೊಚ್ಚಿ.

ಮೂರನೆಯ ಹೆಸರಿನ ಬಳಿ ನಾವು ತುಸು ನಿಲ್ಲಬೇಕು. ಕೊಚ್ಚಿ ಒಂದು ಬಂದರು. ಬಂದರಿನಲ್ಲಿ ಶುಂಠಿ ಬೆಳೆಯುವುದಿಲ್ಲ. ಒಳನಾಡಿನ ಬೆಟ್ಟಗಳಿಂದ ಇಳಿದುಬಂದ ಒಣಶುಂಠಿಗೆ ವ್ಯಾಪಾರಿಗಳು ಇಟ್ಟ ಹೆಸರದು. ಬಂದರಿನ ಹೆಸರು ಹೊಲದ ಗುರುತನ್ನು ಅಳಿಸುತ್ತದೆ. ಆ ಬೆಟ್ಟಗಳ ಸಾಲೇ ನಮ್ಮದೂ ಹೌದು. ವಯನಾಡಿನ ಬೆಳೆಗಾರರು ಹೊಸ ನೆಲವನ್ನು ಅರಸಿ ಕೊಡಗು, ಮೈಸೂರು, ಹಾಸನ, ಶಿವಮೊಗ್ಗಗಳಿಗೆ ಬಂದು ಗುತ್ತಿಗೆಯ ಬೇಸಾಯ ನಡೆಸುತ್ತಿರುವುದನ್ನು ನಾವೆಲ್ಲ ಬಲ್ಲೆವು.

ಅವರು ಹೊಸ ನೆಲವನ್ನು ಅರಸುವುದಕ್ಕೆ ಕಾರಣವಿದೆ. ಶುಂಠಿಯನ್ನು ಒಂದೇ ನೆಲದಲ್ಲಿ ವರ್ಷವರ್ಷವೂ ಬೆಳೆದರೆ ಗೆಡ್ಡೆಕೊಳೆ ಮತ್ತು ಸೊರಗು ರೋಗದ ಜೀವಾಣುಗಳು ಮಣ್ಣಿನಲ್ಲಿ ಉಳಿದು ಬೆಳೆಯನ್ನೇ ನುಂಗುತ್ತವೆ. ಆದ್ದರಿಂದ ಬೆಳೆಯು ನೆಲದಿಂದ ನೆಲಕ್ಕೆ ಅಲೆಯುತ್ತದೆ. ಮುಂಗಾರಿನ ಹೊಸ್ತಿಲಲ್ಲಿ ಇಳಿಜಾರನ್ನು ಅಗೆದು ಸಡಿಲಗೊಳಿಸಿದರೆ ಮೇಲ್ಮಣ್ಣು ಮೊದಲ ಮಳೆಗೇ ಹಳ್ಳ ಸೇರುತ್ತದೆ. ಪಾತಿಯನ್ನು ಮುಚ್ಚಲು ನಾಟಿಯ ವೇಳೆಗೇ ಹೆಕ್ಟೇರಿಗೆ 10ರಿಂದ 12 ಟನ್ ಹಸಿರೆಲೆ ಬೇಕೆಂಬುದು ಕೃಷಿ ಶಿಫಾರಸು. ಆ ಸೊಪ್ಪು ಸಾಮಾನ್ಯವಾಗಿ ಬರುವುದು ಕಾಡಿನಿಂದ. ರೋಗಭಯದಿಂದ ಸುರಿಯುವ ಔಷಧಿ ಕೆರೆ-ತೊರೆಗಳಿಗೆ ಇಳಿಯುತ್ತದೆ. ಗುತ್ತಿಗೆದಾರ ಮುಂದಿನ ವರ್ಷ ಬೇರೆಡೆಗೆ ಹೋಗುತ್ತಾನೆ. ಸವೆದ ನೆಲ ಮಾತ್ರ ಒಡೆಯನ ಪಾಲಿಗೆ ಉಳಿಯುತ್ತದೆ.

ಶುಂಠಿ ಬೆಳೆಯಬೇಡಿರೆಂಬುದು ನಮ್ಮ ಮಾತಲ್ಲ. ಅಡಕೆ-ಕಾಫಿಗಳು ಕೈಕೊಟ್ಟಾಗ ಅನೇಕ ಸಣ್ಣ ರೈತರ ಸಾಲ ತೀರಿಸಿದ ಬೆಳೆಯಿದು. ನಮ್ಮ ಪ್ರಶ್ನೆ ಬೆಲೆಯನ್ನು ಕುರಿತದ್ದು. ಒಣಶುಂಠಿಯಲ್ಲಿರುವ ಸುಗಂಧತೈಲ ನೂರಕ್ಕೆ ಒಂದರಿಂದ ಮೂರು ಪಾಲು ಮಾತ್ರ. ಪಾನೀಯಕ್ಕೆ ಸ್ವಾದ ಕಟ್ಟಲು ಅದರಲ್ಲೂ ಅತ್ಯಲ್ಪ ಸಾಕು. ಸೀಸೆಯ ಉಳಿದ ಬಹುಭಾಗ ನೀರು, ಸಕ್ಕರೆ, ಅನಿಲ. ಅಂದಮೇಲೆ ದುಬಾರಿ ಸೀಸೆಯ ಬೆಲೆಯಲ್ಲಿ ಶುಂಠಿಯ ಪಾಲು ಅತಿ ಕಿರಿದು. ಬೆಳೆಗಾರನಿಗೆ ದುಪ್ಪಟ್ಟು ಕೊಟ್ಟರೂ ಗಿರಾಕಿಗೆ ಅದು ಹೊರೆಯೆನಿಸದು. ಆದರೆ ಆ ದುಪ್ಪಟ್ಟು ಹಣವು ಇಳಿಜಾರಿಗೆ ಅಡ್ಡಲಾಗಿ ಪಾತಿ ಕಟ್ಟಲು, ಬೆಳೆ ಬದಲಿಸಿ ನೆಲಕ್ಕೆ ವಿಶ್ರಾಂತಿ ನೀಡಲು, ಸೊಪ್ಪಿನ ಗಿಡಗಳನ್ನು ತನ್ನ ಬೇಲಿಯಲ್ಲೇ ಬೆಳೆಸಲು ಬೆಳೆಗಾರನಿಗೆ ಧೈರ್ಯ ಕೊಡಬಲ್ಲದು.

ಊರಿನ ಹೆಸರನ್ನು ಮಾರಿ ಲಾಭ ಪಡೆಯುವವರು ಆ ಊರಿನ ಮಣ್ಣಿಗೂ ಉತ್ತರದಾಯಿಗಳು. ಯಾವ ಬಂದರೆಂದಲ್ಲ, ಯಾವ ತಾಲ್ಲೂಕು, ಯಾವ ಬಗೆಯ ಬೇಸಾಯ ಎಂಬುದನ್ನು ಸೀಸೆಯ ಮೇಲೆ ಮುದ್ರಿಸುವಂತೆ ಕೊಳ್ಳುವವರು ಕೇಳಬೇಕು. ನಾವೂ ನಮ್ಮ ಪಾಲಿನ ಕೆಲಸ ಮಾಡೋಣ: ನೆಲವನ್ನು ಗುತ್ತಿಗೆಗೆ ಕೊಡುವ ಮುನ್ನ, ಮೇಲ್ಮಣ್ಣಿನ ರಕ್ಷಣೆಯನ್ನು ಕರಾರಿನ ಮೊದಲ ಷರತ್ತಾಗಿ ಬರೆಯಿಸೋಣ.