ಗುಳೇದಗುಡ್ಡದ ಚರ್ಚು ಯಾರದು?

ಮಕ್ಕಳೇ, ಹೋದ ತಿಂಗಳು ಮೊಮ್ಮಗಳನ್ನು ಕರೆದುಕೊಂಡು ಶಿವಯೋಗ ಮಂದಿರಕ್ಕೆ ಹೋಗಿದ್ದೆ. ಮಲಪ್ರಭೆಯ ದಂಡೆಯ ಈ ಸಂಸ್ಥೆಯನ್ನು ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಸ್ಥಾಪಿಸಿದರೆಂದು ಅವಳಿಗೆ ಹೇಳಿದೆ. ಅಲ್ಲಿಂದ ಗುಳೇದಗುಡ್ಡಕ್ಕೆ ಬಂದೆವು. ಚರ್ಚು ಕಂಡ ಕೂಡಲೇ ಅವಳು, "ಅಜ್ಜಾ, ಇದರ ಕಥೀನೂ ಹೇಳು. ಇವರು ಹೊರಗಿನವರಾ?" ಎಂದಳು.

ನನಗೆ ಚುರುಕ್ಕೆಂದಿತು. ನಲವತ್ತು ವರ್ಷದ ಹಿಂದೆ ನಾನು ಅದೇ ಊರಿನ ಬ್ಯಾಂಕೊಂದರಲ್ಲಿ ಗುಮಾಸ್ತ. ಮಗ್ಗದ ಸಾಲಕ್ಕೆ ಬಂದ ಕ್ರೈಸ್ತ ಹಿರಿಯರೊಬ್ಬರ ಅರ್ಜಿ ತುಂಬುತ್ತ, "ನಿಮ್ಮ ಮೂಲ ಊರು ಯಾವುದ್ರಿ?" ಎಂದು ಕೇಳಿದ್ದೆ. ಅವರು ನಕ್ಕು, "ಇದ ಊರ್ರಿ ಸಾಹೇಬ್ರ. ನಮ್ಮ ಮುತ್ಯಾನ ಮುತ್ಯಾನೂ ಇಲ್ಲೇ ನೇಯತಿದ್ದ" ಎಂದರು. ನಾಚಿಕೆಯಾಯಿತು. ಆಮೇಲೆ ಆ ಕಥೆಯನ್ನು ಓದಿ ತಿಳಿದುಕೊಂಡೆ.

ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಮಿಶನ್ 1834ರಲ್ಲಿ ಮೂವರನ್ನು ಮಂಗಳೂರಿಗೆ ಕಳಿಸಿತು. ಮುಂದೆ ಘಟ್ಟ ಹತ್ತಿ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ಗುಳೇದಗುಡ್ಡಕ್ಕೆ ಬಂದಿತು. ಬಂದ ಪಾದ್ರಿಗಳು ಕನ್ನಡ ಕಲಿತರು, ಶಾಲೆ ತೆರೆದರು. 1894ರಲ್ಲಿ ದೊಡ್ಡ ಕನ್ನಡ ನಿಘಂಟು ಕೊಟ್ಟ ಕಿಟೆಲ್ ಇದೇ ಮಿಶನ್ನಿನವರು.

ಆದರೆ ಚರ್ಚಿಗೆ ಸೇರಿದ ಊರವರ ಪಾಡು ಸುಲಭವಿರಲಿಲ್ಲ. ಗುಳೇದಗುಡ್ಡವೆಂದರೆ ಖಣ, ಉಡಿ ತುಂಬುವಾಗ ಕೊಡುತ್ತೇವಲ್ಲ, ಅದು. ಖಣ ಒಬ್ಬನಿಂದ ಆಗದು. ನೂಲು ಸುತ್ತುವವರು, ಹಾಸು ಹೂಡುವವರು, ಮಗ್ಗದಲ್ಲಿ ಕೂರುವವರು, ಹೀಗೆ ಮನೆಮಂದಿಯೆಲ್ಲ ಬೇಕು. ಆ ಕಾಲದಲ್ಲಿ ಹೊಸ ಧರ್ಮಕ್ಕೆ ಸೇರಿದವನನ್ನು ಮನೆಯವರೇ ಪಂಕ್ತಿಯಿಂದ ಎಬ್ಬಿಸುತ್ತಿದ್ದರು. ಪಂಕ್ತಿ ತಪ್ಪಿದರೆ ಕೆಲಸವೂ ತಪ್ಪಿತು, ರೊಟ್ಟಿಯೂ ತಪ್ಪಿತು. ಹಾಗಾಗಿ ಮಿಶನ್ ಅವರ ಹೊಟ್ಟೆಪಾಡನ್ನೂ ನೋಡಬೇಕಾಯಿತು. ಗದಗಿನ ಹತ್ತಿರ ಮಲಸಮುದ್ರದಲ್ಲಿ ಒಕ್ಕಲುತನ ಮಾಡಿಸಿ ನೋಡಿತು, ಕೈಗೂಡಲಿಲ್ಲ. ಮಂಗಳೂರಿನಲ್ಲಿ ನೇಕಾರಿಕೆ ಮತ್ತು 1865ರಲ್ಲಿ ತೆರೆದ ಹೆಂಚಿನ ಕಾರ್ಖಾನೆ ಕೈ ಹಿಡಿದವು.

1914ರಲ್ಲಿ ಮಹಾಯುದ್ಧ ಬಂತು. ಪಾದ್ರಿಗಳಲ್ಲಿ ಬಹಳ ಮಂದಿ ಜರ್ಮನರು. ಇಂಗ್ಲಿಷ್ ಸರಕಾರ ಅವರಲ್ಲಿ ಅನೇಕರನ್ನು ಹಿಡಿದು ಅಹಮದನಗರದ ಶಿಬಿರದಲ್ಲಿಟ್ಟಿತು, ಆಮೇಲೆ ದೇಶ ಬಿಡಿಸಿತು. ಚರ್ಚುಗಳು ಹೊರಗಿನವರದೇ ಆಗಿದ್ದರೆ ಅಂದೇ ಬಾಗಿಲು ಮುಚ್ಚಬೇಕಿತ್ತು. ಮುಚ್ಚಲಿಲ್ಲ. ಊರಿನ ಉಪದೇಶಿಗಳು, ಮಾಸ್ತರರು, ಮನೆಯ ಹೆಣ್ಣುಮಕ್ಕಳು ಸಭೆಗಳನ್ನು ಉಳಿಸಿಕೊಂಡರು.

ಮೊಮ್ಮಗಳಿಗೆ ಬ್ಯಾಂಕಿನ ಭಾಷೆಯಲ್ಲೇ ಹೇಳಿದೆ: "ಆಗೆಲ್ಲ ಖಾತೆ ತೆರೆಯುವಾಗ ಪರಿಚಯ ಕೊಟ್ಟವನ ರುಜು ಒಂದೇ ಸಲ ಬೇಕಿತ್ತವ್ವಾ. ವರ್ಷಾನುಗಟ್ಟಲೆ ರೊಕ್ಕ ಕಟ್ಟಿದವನದೇ ಖಾತೆ."

ನಿಮ್ಮೂರಿನ ಗುಡಿ, ಮಠ, ದರ್ಗಾ, ಚರ್ಚುಗಳ ಕಥೆಯನ್ನೂ ಹಿರಿಯರನ್ನು ಕೇಳಿ ಬರೆದಿಡಿ. ಆದರೆ ನನ್ನ ಹಾಗೆ "ನೀವು ಎಲ್ಲಿಂದ ಬಂದವರು?" ಎಂದು ಮಾತ್ರ ಶುರು ಮಾಡಬೇಡಿ!