ಹೆಸರು ಮರೆತ ಕಂಪ್ಯೂಟರು

ಮಕ್ಕಳೇ, ಅವರ ಪಕ್ಕದಲ್ಲಿ ಕನ್ನಡಕ ಹಾಕಿಕೊಂಡು ಕೂತಿರುವ ಮುತ್ಯಾ, ಆಯಿಗಳೇ,

ಶಹಾಬಾದದ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರ್ ಇದೆ. ಅದು ನಮ್ಮಣ್ಣನದು. ಅಣ್ಣ ಚಿಂಚೋಳಿಯಲ್ಲಿ ಮಾಸ್ತರರಾಗಿದ್ದರು. ನಿವೃತ್ತಿಯಾದ ಮೇಲೆ ಕೊಂಡ ಈ ಯಂತ್ರದಲ್ಲಿ ಊರಿನ ಹಿರಿಯರು ಹೇಳುವ ಒಗಟು, ಗಾದೆ, ಬೀಸುವ ಹಾಡುಗಳನ್ನೆಲ್ಲ ಟೈಪು ಮಾಡಿ ಇಟ್ಟಿದ್ದರು. ಅವರು ಹೋದ ಮೇಲೆ ವೈನಿ ಅದನ್ನು ನನ್ನ ಮೊಮ್ಮಗಳಿಗೆ ಕೊಟ್ಟರು. "ಇಲ್ಲಿ ಸುಮ್ನ ಧೂಳ ತಿನ್ಲತ್ತದ. ಕೂಸು ಓದಲಿ" ಅಂದರು.

ಹೋದ ಮಳೆಗಾಲದ ಸಿಡಿಲಿಗೆ ಅದರ ಮದರ್‌ಬೋರ್ಡ್ ಸುಟ್ಟಿತು. ಪುಣ್ಯಕ್ಕೆ ಹಾರ್ಡ್ ಡಿಸ್ಕ್ ಉಳಿಯಿತು, ಅಣ್ಣನ ಒಗಟುಗಳೂ ಉಳಿದವು. ರಿಪೇರಿ ಅಂಗಡಿಯ ಹುಡುಗ ಅದೇ ಮಾದರಿಯ ಹೊಸ ಬೋರ್ಡ್ ತರಿಸಿ ಕೂಡಿಸಿದ. ಮನೆಗೆ ತಂದು ಸ್ವಿಚ್ ಒತ್ತಿದರೆ ವಿಂಡೋಸ್ ಬರುವ ಮೊದಲೇ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ: 'ಉತ್ಪನ್ನದ ಮಾಹಿತಿ ಸರಿಯಿಲ್ಲ. ಮಾದರಿಯ ಹೆಸರು ಇಲ್ಲ. ಸೀರಿಯಲ್ ನಂಬರ್ ಇಲ್ಲ. ಮುಂದುವರಿಯಲು ಕೀಲಿ ಒತ್ತಿ.'

ಮೊಮ್ಮಗಳು ಓದಿ ನಕ್ಕಳು. "ಮುತ್ಯಾ, ಇದಕ್ಕ ತನ್ನ ಹೆಸರೇ ಮರ್ತು ಹೋಗ್ಯಾದ!"

ದಿನಾ ಇದೇ ಗೋಳು. ಪ್ರತಿಸಲ ಕೀಲಿ ಒತ್ತಿದರೇ ಮುಂದೆ ಹೋಗುವುದು. ಅಂಗಡಿಗೆ ಹೋಗಿ ಕೇಳಿದರೆ, "ಹಳೇದು ಅದರಿ, ಇದರ ಆಯುಷ್ಯ ಮುಗೀತು. ಹೊಸಾದು ತಗೋರಿ" ಎಂಬ ಉತ್ತರ. ಸರಾಗವಾಗಿ ಓಡುವ ಯಂತ್ರಕ್ಕೆ ಆಯುಷ್ಯ ಮುಗಿಯಿತು ಅಂದರೆ ಹೇಗೆ? ನಾವಿಬ್ಬರೂ ಹುಡುಕಾಟಕ್ಕೆ ಕೂತೆವು.

ಮೊದಲು ನಾನೊಂದು ತಪ್ಪು ಮಾಡಿದೆ. ಒಳಗಿನ ಬಿಲ್ಲೆ ಬ್ಯಾಟರಿ ಹೋಗಿರಬೇಕು ಅಂದುಕೊಂಡು ಹೊಸದು ತಂದು ಹಾಕಿದೆ. ಅದರ ಹೆಸರು ಸಿಆರ್ 2032. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, 3 ವೋಲ್ಟ್. ಆ ಹೆಸರಿನಲ್ಲೇ ಅದರ ಅಳತೆ ಅಡಗಿದೆ, ನೋಡಿ. ಆದರೆ ಪರದೆಯ ಮೇಲಿನ ಸಾಲು ಹೋಗಲಿಲ್ಲ. ಯಾಕೆ?

ಮಕ್ಕಳೇ, ಇಲ್ಲಿ ಸ್ವಲ್ಪ ಗಮನ ಕೊಡಿ. ನೀವು ಸ್ವಿಚ್ ಒತ್ತಿದಾಗ ಎಲ್ಲಕ್ಕಿಂತ ಮೊದಲು ಏಳುವುದು ವಿಂಡೋಸ್ ಅಲ್ಲ, ಬಯೋಸ್. ಮದರ್‌ಬೋರ್ಡಿನ ಮೇಲಿನ ಒಂದು ಪುಟ್ಟ ಚಿಪ್ಪಿನಲ್ಲಿ ಕೂತಿರುವ ಈ ತಂತ್ರಾಂಶಕ್ಕೆ ಫರ್ಮ್‌ವೇರ್ ಎನ್ನುತ್ತಾರೆ. ಶಾಲೆಯಲ್ಲಿ ಬೆಳಗ್ಗೆ ಮಾಸ್ತರರು ಹಾಜರಿ ಕರೆಯುವ ಹಾಗೆ ಅದು ಕರೆಯುತ್ತದೆ: ಮೆಮೊರಿ ಬಂದಿದೆಯಾ? ಕೀಬೋರ್ಡ್ ಬಂದಿದೆಯಾ? ಡಿಸ್ಕ್ ಬಂದಿದೆಯಾ? ಎಲ್ಲರೂ 'ಹಾಜರ್' ಅಂದ ಮೇಲೆ ಕೆಲಸವನ್ನು ವಿಂಡೋಸ್‌ಗೋ ಲಿನಕ್ಸ್‌ಗೋ ಒಪ್ಪಿಸುತ್ತದೆ.

ಬಿಲ್ಲೆ ಬ್ಯಾಟರಿ ನೋಡಿಕೊಳ್ಳುವುದು ಗಡಿಯಾರವನ್ನು, ಕೆಲವು ಸೆಟ್ಟಿಂಗ್‌ಗಳನ್ನು. ಅದು ಸತ್ತರೆ ತಾರೀಖು ಹಿಂದಕ್ಕೆ ಹೋಗುತ್ತದೆ, ಅಷ್ಟೇ. ಯಂತ್ರದ ಹೆಸರು, ಮಾದರಿ, ಸೀರಿಯಲ್ ನಂಬರ್ ಇರುವುದು ಕರೆಂಟು ಇಲ್ಲದಿದ್ದರೂ ಅಳಿಯದ ಚಿಪ್ಪಿನಲ್ಲಿ. ಅದನ್ನು ಯಾವ ಕ್ರಮದಲ್ಲಿ ಬರೆದಿಡಬೇಕು ಎಂದು ಕಂಪನಿಗಳೆಲ್ಲ ಸೇರಿ 1990ರ ದಶಕದಲ್ಲೇ ಒಂದು ಪದ್ಧತಿ ಮಾಡಿಕೊಂಡಿವೆ. ಅದರ ಹೆಸರು ಎಸ್‌ಎಂಬಯೋಸ್. ಒಂದು ಸಾಲು ತಯಾರಿಸಿದವರ ಹೆಸರಿಗೆ, ಒಂದು ಮಾದರಿಗೆ, ಒಂದು ಸೀರಿಯಲ್ ನಂಬರಿಗೆ, ಹೀಗೆ. ಜನ್ಮ ದಾಖಲೆಯ ಅರ್ಜಿ ಇದ್ದ ಹಾಗೆ.

ನಮ್ಮ ಹೊಸ ಬೋರ್ಡಿನಲ್ಲಿ ಆ ಅರ್ಜಿ ಖಾಲಿ ಇತ್ತು. ಬಿಡಿಭಾಗವಾಗಿ ಬರುವ ಬೋರ್ಡು ಯಾವ ಯಂತ್ರದೊಳಗೆ ಕೂರುತ್ತದೆ ಎಂದು ಕಾರ್ಖಾನೆಗೆ ಗೊತ್ತಿರುವುದಿಲ್ಲ. ಆದ್ದರಿಂದ ಎಷ್ಟೋ ಸಲ ಆ ಸಾಲುಗಳನ್ನು ಬರೆಯದೇ ಕಳಿಸುತ್ತಾರೆ. ಕೂಡಿಸಿದವರು ತುಂಬಬೇಕು. ನಮ್ಮಲ್ಲಿ ತುಂಬಿರಲಿಲ್ಲ. ಕಂಪ್ಯೂಟರು ಏನನ್ನೂ ಮರೆತಿರಲಿಲ್ಲ. ಅದಕ್ಕೆ ಯಾರೂ ಹೇಳಿಯೇ ಇರಲಿಲ್ಲ.

"ಹಂಗಾದ್ರ ಸಲೀಸು" ಅಂದೆ ನಾನು. "ಒಂದು, ಒಂದು, ಒಂದು ಅಂತ ಬರ್ದು ಬಿಡಮು. ಯಾರು ಕೇಳ್ತಾರ?"

ಮೊಮ್ಮಗಳು ನನ್ನನ್ನೇ ದಿಟ್ಟಿಸಿದಳು. "ಮುತ್ಯಾ, ಟ್ರ್ಯಾಕ್ಟರ್ ಚಾಸಿಸ್ ನಂಬರ್ ತಿದ್ದೋದು ಕಳ್ಳರ ಕೆಲಸ ಅಂತ ನೀನೇ ಹೇಳಿದ್ದಿಲ್ಲೇನು?"

ನನ್ನ ಬಾಯಿ ಬಂದ್. ಆ ಸಂಖ್ಯೆ ಬರೀ ಅಲಂಕಾರಕ್ಕಲ್ಲ. ಕಳುವಾದ ಯಂತ್ರ ಸಿಕ್ಕರೆ ಇದು ಇಂಥವರದು ಎಂದು ಗುರುತಿಸುವುದು ಅದರಿಂದ. ಶಾಲೆ, ಕಚೇರಿಗಳ ದಾಸ್ತಾನು ಪುಸ್ತಕದಲ್ಲಿ ಬರೆಯುವುದು ಅದನ್ನೇ. ಯಂತ್ರಕ್ಕೆ ಹೊಂದುವ ಡ್ರೈವರ್ ಯಾವುದು, ಬಿಡಿಭಾಗ ಯಾವುದು ಎಂದು ಕಂಪನಿಯವರು ಹುಡುಕುವುದೂ ಅದರಿಂದಲೇ. ಮೇಲಾಗಿ, ನಮ್ಮ ಮಾದರಿಯ ಸರ್ವಿಸ್ ಕೈಪಿಡಿಯಲ್ಲಿ ಒಂದು ಎಚ್ಚರಿಕೆ ಇತ್ತು: ಈ ಸಾಲನ್ನು ಒಮ್ಮೆ ಮಾತ್ರ ಬರೆಯಬಹುದು, ಬರೆದ ಮೇಲೆ ಬೀಗ ಬೀಳುತ್ತದೆ.

ಅಂದರೆ ಬರೆದರೆ ಸರಿಯಾದದ್ದನ್ನೇ ಬರೆಯಬೇಕು. ಸರಿಯಾದದ್ದು ಎಲ್ಲಿದೆ?

ಕ್ಯಾಬಿನೆಟ್ಟಿನ ಹಿಂದೆ ಒಂದು ಚೀಟಿ ಅಂಟಿಸಿತ್ತು. ಆದರೆ ವರ್ಷಗಟ್ಟಲೆ ಒರೆಸಿ ಒರೆಸಿ ಮಾಸಿತ್ತು. ಮೊಮ್ಮಗಳು ದೀಪ ಆರಿಸಿ ಟಾರ್ಚನ್ನು ಓರೆಯಾಗಿ ಹಿಡಿದಳು. ಹತ್ತು ಅಕ್ಷರಗಳಲ್ಲಿ ಮೊದಲಿನ ಮೂರು, ಕೊನೆಯ ಎರಡು ಕಂಡವು. ನಡುವಿನ ಐದು ಇಲ್ಲ.

ಆಗ ನೆನಪಾಯಿತು. ಅಣ್ಣ ಮನೆಗೆ ಏನೇ ಕೊಂಡರೂ ಅದರ ನಂಬರನ್ನು ಡೈರಿಯಲ್ಲಿ ಬರೆದಿಡುತ್ತಿದ್ದರು. ಸೈಕಲ್ಲು, ರೇಡಿಯೊ, ಹೊಲಿಗೆ ಯಂತ್ರ, ಎಲ್ಲದರದ್ದೂ.

ಭಾನುವಾರ ಇಬ್ಬರೂ ಹೊರಟೆವು. ಶಹಾಬಾದದಿಂದ ರೈಲಿನಲ್ಲಿ ವಾಡಿ. ವಾಡಿ ಜಂಕ್ಷನ್ನಿನಲ್ಲಿ ಇಳಿದು ಸಿಕಂದರಾಬಾದ್ ಕಡೆಯ ಗಾಡಿ. ಕಿಟಕಿಯಲ್ಲಿ ಸಿಮೆಂಟ್ ಕಾರ್ಖಾನೆಯ ಚಿಮಣಿ ನೋಡುತ್ತ, "ನಮ್ಮನಿ ನೆಲಕ್ಕ ಹಾಸಿದ್ದೂ ಸುಣ್ಣದ ಕಲ್ಲೇ, ಸಿಮೆಂಟ್ ಆಗೋದೂ ಸುಣ್ಣದ ಕಲ್ಲೇ" ಎಂದು ಹೇಳಿಕೊಟ್ಟೆ. ಚಿತ್ತಾಪುರ ಬಂದಾಗ ಅದೇ ತಾಲ್ಲೂಕಿನ ಸನ್ನತಿಯ ಕಥೆ ಹೇಳಿದೆ.

ಭೀಮಾ ದಂಡೆಯ ಸನ್ನತಿಯಲ್ಲಿ ಚಂದ್ರಲಾಂಬಾ ದೇವಸ್ಥಾನವಿದೆ. ಅದರ ಆವರಣದ ಕಾಳಿ ಗುಡಿಯ ಮಾಡು 1986ರಲ್ಲಿ ಕುಸಿಯಿತು. ಆಮೇಲೆ ನೋಡಿದರೆ ಮೂರ್ತಿಗೆ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕ ಚಕ್ರವರ್ತಿಯ ಶಾಸನ! ಮೂರ್ತಿ ನಿಲ್ಲಿಸಲು ಕಲ್ಲಿನಲ್ಲಿ ಕುಣಿ ಕೊರೆದಿದ್ದರಿಂದ ಕೆಲವು ಅಕ್ಷರಗಳು ಹೋಗಿದ್ದವು. ಹತ್ತಿರದ ಕನಗನಹಳ್ಳಿಯಲ್ಲಿ ರಾಜನ ಶಿಲ್ಪವೊಂದು ಸಿಕ್ಕಿತು. ಅದರ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ಅಶೋಕನ ಹೆಸರು ಕೊರೆದಿತ್ತು. ಆ ಒಂದು ಸಾಲು ಇರದಿದ್ದರೆ ಅವನು ಯಾರೋ ಒಬ್ಬ ರಾಜ ಆಗಿಬಿಡುತ್ತಿದ್ದ.

"ಕುಣಿ ಕೊರ್ದಲ್ಲಿ ಏನಿತ್ತು ಅಂತ ಹೆಂಗ ಗೊತ್ತಾಗ್ತದ?" ಎಂದು ಕೇಳಿದಳು.

"ಅದೇ ಮಾತು ಒಡಿಶಾದ ಧೌಲಿ, ಜೌಗಡದಾಗೂ ಕೊರಸ್ಯಾನ. ಅಲ್ಲಿಂದು ಓದಿ ಇಲ್ಲಿಂದು ತುಂಬಬಹುದು."

"ನಮ್ಮ ಧೌಲಿ ಚಿಂಚೋಳ್ಯಾಗ ಅದ, ಹೌದಲ್ಲ ಮುತ್ಯಾ?"

ಸೇಡಂನಲ್ಲಿ ಇಳಿದು ಬಸ್ಸು ಹತ್ತಿ ಚಿಂಚೋಳಿ ಮುಟ್ಟಿದಾಗ ಊಟದ ಹೊತ್ತು. ವೈನಿ ಮೊದಲು ರೊಟ್ಟಿ ತಿನ್ನಿಸಿದರು, ಆಮೇಲೆ ಟ್ರಂಕು ತೆಗೆದರು. "ಎಲ್ಲಾ ನಂಬರ್ ಬರ್ಕೋತಿದ್ರು. ನಾ ನಗ್ತಿದ್ದೆ. ನಂದೊಂದ ನಂಬರ್ ಬರೀರಿ ಅಂತಿದ್ದೆ" ಎಂದು ಹೇಳುತ್ತ ಹೇಳುತ್ತ ಸುಮ್ಮನಾದರು.

ಮೂರನೆಯ ಡೈರಿಯಲ್ಲಿ ಸಿಕ್ಕಿತು. ಕೊಂಡ ತಾರೀಖು, ಮಾದರಿ, ಹತ್ತು ಅಕ್ಷರಗಳ ನಂಬರ್. ಮೊದಲಿನ ಮೂರು, ಕೊನೆಯ ಎರಡು ಚೀಟಿಯೊಂದಿಗೆ ಕೂಡಿದವು. ಹಾಗಾದರೆ ಇದೇ ಯಂತ್ರ, ಸಂಶಯವಿಲ್ಲ. ಆದರೆ ಆರನೆಯದು ಮಾತ್ರ ಅನುಮಾನ. ಅದು 8ಓ, ಇಂಗ್ಲಿಷಿನ 'ಬಿ'ಯೋ?

ನಾನು 8 ಅಂದೆ. ಮೊಮ್ಮಗಳು ಉತ್ತರ ಕೊಡಲಿಲ್ಲ. ಅದೇ ಡೈರಿಯಲ್ಲಿದ್ದ ಹಾಲಿನ ಲೆಕ್ಕದ ಪುಟ ತೆಗೆದು ಒಂದೊಂದೇ 8 ಹುಡುಕಿದಳು. ಅಣ್ಣನ ಎಂಟೆಲ್ಲ ತಲೆಯ ಹತ್ತಿರ ಸ್ವಲ್ಪ ಬಾಯಿ ತೆರೆದಿದ್ದವು, ಎಡಗಡೆ ದುಂಡಗಿದ್ದವು. ಇದಕ್ಕೆ ಎಡಗಡೆ ನೆಟ್ಟಗೆ ಗೆರೆ. "ಇದು ಬಿ, ಮುತ್ಯಾ." ವೈನಿಯೂ ನೋಡಿ ಹೌದೆಂದರು. ನನ್ನ ಮಾತು ಕೇಳಿದ್ದರೆ ತಪ್ಪು ಹೆಸರಿಗೇ ಬೀಗ ಬಿದ್ದಿರುತ್ತಿತ್ತು!

ಮನೆಗೆ ಬಂದು ಕೆಲಸಕ್ಕೆ ಕೂತೆವು. ವಿಧಾನ ಎಲ್ಲ ಯಂತ್ರಕ್ಕೂ ಒಂದೇ ಅಲ್ಲ. ಕೆಲವಕ್ಕೆ ಸ್ವಿಚ್ ಒತ್ತಿದ ಕೂಡಲೇ ನಿಗದಿತ ಕೀಲಿ ಒತ್ತಿ ಬಯೋಸ್ ಸೆಟಪ್ ಒಳಗೆ ಹೋದರೆ ಆ ಸಾಲು ಸಿಗುತ್ತದೆ. ಕೆಲವಕ್ಕೆ ಕಂಪನಿಯವರದೇ ಸಣ್ಣ ತಂತ್ರಾಂಶವನ್ನು ಪೆನ್‌ಡ್ರೈವಿನಿಂದ ಓಡಿಸಬೇಕು. ನಿಮ್ಮ ಮಾದರಿಯ ಸರ್ವಿಸ್ ಕೈಪಿಡಿಯಲ್ಲಿ ಹೇಳಿದಂತೆಯೇ ಮಾಡಿ. ಫರ್ಮ್‌ವೇರಿಗೆ ಬರೆಯುತ್ತಿರುವಾಗ ಕರೆಂಟು ಹೋದರೆ ಬೋರ್ಡೇ ಕೆಡಬಹುದು. ನಾವು ಯುಪಿಎಸ್ ಹಚ್ಚಿಕೊಂಡೇ ಶುರು ಮಾಡಿದೆವು.

ನಾನು ಡೈರಿ ನೋಡಿ ಓದಿದೆ, ಅವಳು ಟೈಪು ಮಾಡಿದಳು. ಆಮೇಲೆ ಅವಳು ಪರದೆ ನೋಡಿ ಓದಿದಳು, ನಾನು ಡೈರಿ ನೋಡಿದೆ. ಮೂರು ಸಲ ಹೀಗೆ. ಕೊನೆಗೆ ಎಂಟರ್ ಒತ್ತಿ, ಉಳಿಸಿ, ಹೊರಗೆ ಬಂದಳು. ಯಂತ್ರ ಒಮ್ಮೆ ಆರಿ ಹೊತ್ತಿಕೊಂಡಿತು. ಕಪ್ಪು ಪರದೆ ಬಂತು. ಬಿಳಿ ಅಕ್ಷರ ಬರಲಿಲ್ಲ. ನೇರವಾಗಿ ವಿಂಡೋಸ್ ಬಂತು.

ನಿಜವಾಗಿಯೂ ಕೂತಿದೆಯೇ ಎಂದು ಪರೀಕ್ಷಿಸಲು ಹಳೆಯ ವಿಂಡೋಸ್‌ನ ಕಮಾಂಡ್ ಪ್ರಾಂಪ್ಟಿನಲ್ಲಿ 'ಡಬ್ಲ್ಯೂಎಂಐಸಿ ಬಯೋಸ್ ಗೆಟ್ ಸೀರಿಯಲ್‌ನಂಬರ್' ಎಂಬ ಆಜ್ಞೆ ಇದೆ. ಲಿನಕ್ಸ್‌ನಲ್ಲಾದರೆ 'ಡಿಎಂಐಡಿಕೋಡ್'. ಒತ್ತಿದೊಡನೆ ಹತ್ತು ಅಕ್ಷರ ಬಂದು ನಿಂತವು, ಅಣ್ಣ ಬರೆದ ಹಾಗೆಯೇ. ಒಂದು ಮಾತು ಮಾತ್ರ ನೆನಪಿಡಿ. ವಿಂಡೋಸ್ ಪರವಾನಗಿ ಬಹುಮಟ್ಟಿಗೆ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ. ಬೋರ್ಡ್ ಬದಲಾದರೆ ಅದರ ದಾರಿ ಬೇರೆ. ಸೀರಿಯಲ್ ನಂಬರ್ ತುಂಬಿದ ಮಾತ್ರಕ್ಕೆ ಅದು ಮರಳಿ ಬರುತ್ತದೆ ಎಂದು ತಿಳಿಯಬೇಡಿ.

ರಾತ್ರಿ ಮೊಮ್ಮಗಳು ವೈನಿಗೆ ಫೋನ್ ಹಚ್ಚಿದಳು. "ಆಯಿ, ದೊಡ್ಡ ಮುತ್ಯಾನ ಕಂಪ್ಯೂಟರ್‌ಗ ಹೆಸರು ನೆನಪಾಯ್ತು." ಆ ಕಡೆಯಿಂದ ನಗು ಕೇಳಿಸಿತು. "ಹಂಗಾದ್ರ ಒಂದು ಒಗಟ ಓದು, ಕೇಳ್ತೀನಿ" ಅಂದರು. ಓದಿದಳು. ವೈನಿಗೆ ಉತ್ತರ ಮೊದಲೇ ಗೊತ್ತಿತ್ತು. ಅಣ್ಣನಿಗೆ ಆ ಒಗಟು ಹೇಳಿದವರೇ ಅವರು.

ಈ ವಾರದ ಕೆಲಸ: ಒಂದು ನೋಟುಬುಕ್ಕು ತೆಗೆದುಕೊಳ್ಳಿ. ಮನೆಯ ಕಂಪ್ಯೂಟರು, ಫೋನು, ಫ್ರಿಜ್ಜು, ಸೈಕಲ್ಲು, ಹೊಲಿಗೆ ಯಂತ್ರ, ಎಲ್ಲದರ ಮೇಲಿನ ಚೀಟಿ ಮಾಸುವ ಮೊದಲೇ ಮಾದರಿ, ನಂಬರ್, ಕೊಂಡ ತಾರೀಖು ಬರೆಯಿರಿ. ಮಕ್ಕಳು ಓದಲಿ, ಹಿರಿಯರು ಬರೆಯಲಿ. ಸೊನ್ನೆಗೆ ಅಡ್ಡಗೆರೆ ಹಾಕಿ, ಇಂಗ್ಲಿಷಿನ 'ಓ' ಅಲ್ಲವೆಂದು ತಿಳಿಯಲಿ. 8ನ್ನು ಅಣ್ಣನ ಹಾಗೆ ಬಾಯಿ ತೆರೆದು ಬರೆಯಿರಿ. ಪುಸ್ತಕವನ್ನು ಮನೆಯ ಕಾಗದಪತ್ರಗಳ ಜೊತೆ ಇಡಿ, ಕಂಡಕಂಡವರಿಗೆ ತೋರಿಸಬೇಡಿ.

ಮುಂದಿನ ವಾರ ಮತ್ತೆ ಸಿಗೋಣ.