ರೈಟ್ ಹಾಕಿದ ತಪ್ಪು ಲೆಕ್ಕ

ಮಳೆಗಾಲದಲ್ಲಿ ದೂಧಗಂಗೆ ಏರಿ ದತ್ತವಾಡ–ಮಲಿಕವಾಡ ಸೇತುವೆ ಮುಳುಗಿದಾಗಷ್ಟೇ ಈ ಹೊಳೆ ಎರಡು ರಾಜ್ಯಗಳ ಗಡಿ ಎಂಬ ನೆನಪು ನಮಗಾಗುತ್ತದೆ. ಉಳಿದ ದಿನ ಬೀಗರು, ಸಂತೆ, ಜಾತ್ರೆ ಎಲ್ಲ ಒಂದೇ. ಹತ್ತನೆಯ ತರಗತಿಯ ಫಲಿತಾಂಶ ಬಂದ ವಾರ ಮಾತ್ರ ಹೋಲಿಕೆ ಶುರು: “ನಿಮ್ಮ ಬೋರ್ಡಿನ್ಯಾಗ ಪಾಸಾಗೂದು ಹಗರ, ನಮ್ಮದು ಬಿಗಿ.” ಈ ಮಾತು ಒಂದು ವರ್ಷ ಆ ದಂಡೆಯಿಂದ, ಇನ್ನೊಂದು ವರ್ಷ ಈ ದಂಡೆಯಿಂದ.

ಬಿಗಿ ಎಂದರೇನು? ಮಹಾರಾಷ್ಟ್ರದಲ್ಲಿ 2018ರ ಎಸ್ಸೆಸ್ಸಿ ಫಲಿತಾಂಶ ಶೇ 89.41 ಇತ್ತು. 2019ರಲ್ಲಿ ಶಾಲೆಯವರೇ ಕೊಡುತ್ತಿದ್ದ 20 ಅಂಕಗಳನ್ನು ತೆಗೆದರು, ಫಲಿತಾಂಶ 77.10ಕ್ಕೆ ಬಿತ್ತು. ಗದ್ದಲವಾಯಿತು, ಅಂಕ ಮರಳಿ ಬಂದವು, 2020ರಲ್ಲಿ 95.30. ಹೊಳೆಯಾಚೆ, ಕರ್ನಾಟಕದಲ್ಲಿ ನೋಡಿ. 2023ರಲ್ಲಿ ಶೇ 83.89 ಇದ್ದ ಎಸ್ಸೆಸ್ಸೆಲ್ಸಿ ಫಲಿತಾಂಶ, ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಹೆಚ್ಚಿಸಿದ ಕೃಪಾಂಕ ಕೈಬಿಟ್ಟ 2025ರ ಮೊದಲ ಪರೀಕ್ಷೆಯಲ್ಲಿ 62.34. ಆಮೇಲೆ ಪಾಸಿನ ಮಟ್ಟವನ್ನೇ ಶೇ 35ರಿಂದ 33ಕ್ಕೆ ತಂದರು. ಮಕ್ಕಳು ಒಂದು ವರ್ಷ ದಡ್ಡರಾಗಿ ಮರುವರ್ಷ ಜಾಣರಾದರೆಂದು ಯಾರೂ ನಂಬುವುದಿಲ್ಲ. ಕದಲಿದ್ದು ಅಳತೆಗೋಲು. ಅಳೆಯಬೇಕಾದದ್ದು ಹೇಗಿದೆ ಎಂಬುದಕ್ಕೆ 2023ರ ‘ಅಸರ್’ ಸಮೀಕ್ಷೆ ನೋಡಬೇಕು: 14ರಿಂದ 18 ವಯಸ್ಸಿನವರಲ್ಲಿ ಸುಮಾರು ಕಾಲುಭಾಗದವರಿಗೆ ಎರಡನೆಯ ತರಗತಿಯ ಪಾಠ ತಮ್ಮ ಭಾಷೆಯಲ್ಲೇ ಸರಾಗ ಓದಲು ಬರಲಿಲ್ಲ, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸಲು ಅರ್ಧಕ್ಕಿಂತ ಹೆಚ್ಚು ಮಂದಿಗೆ ಆಗಲಿಲ್ಲ.

ಇಷ್ಟು ಹೇಳಿದರೆ ಉತ್ತರ ಸಿದ್ಧವಾಗಿರುತ್ತದೆ: “ಈಗಿನ ಹುಡುಗರಿಗೆ ಓದೂದರಾಗ ಮನಸ್ಸ ಇಲ್ಲ, ಮೊಬೈಲ್ ಕೆಡಿಸೇತಿ.” ನನಗೆ ಇದು ಅರ್ಧ ಸುಳ್ಳು ಅನಿಸುತ್ತದೆ. ನಮ್ಮ ಭಾಗದ ಕುಸ್ತಿ ತಾಲೀಮಿಗೆ ನಸುಕಿನಲ್ಲಿ ಹೋಗಿ ನೋಡಿ. ಶಾಲೆಯಲ್ಲಿ ಹತ್ತು ನಿಮಿಷ ಕೂರಲಾರದವನು ಎಂದು ಹೆಸರಾದ ಹುಡುಗನೇ ಅಲ್ಲಿ ದಂಡ ಬೈಠಕ್ ಹೊಡೆಯುತ್ತಿರುತ್ತಾನೆ. ಯಾರೂ ಅವನಿಗೆ ಬಹುಮಾನದ ಆಸೆ ತೋರಿಸಿಲ್ಲ. ವಸ್ತಾದ ಕೆಂಪು ಮಣ್ಣಿನ ಅಂಚಿನಲ್ಲಿ ನಿಂತು ನೋಡುತ್ತಿರುತ್ತಾನೆ, ಅಷ್ಟೇ. ಪಟ್ಟು ಹಾಕುವಾಗ ಕಾಲು ತಪ್ಪಿದರೆ ಅಲ್ಲೇ ನಿಲ್ಲಿಸಿ ಮತ್ತೆ ಹಾಕಿಸುತ್ತಾನೆ. ಜೋಡಿ ಕಟ್ಟುವಾಗ ತುಸು ಹೆಚ್ಚು ಬಲದವನನ್ನು ಎದುರು ಬಿಡುತ್ತಾನೆ, ತೀರ ಹೆಚ್ಚಿನವನನ್ನಲ್ಲ. ಇವತ್ತು ಚಿತ್ತಾದವನು ನಾಳೆ ಮತ್ತೆ ಮಣ್ಣಿಗಿಳಿಯುತ್ತಾನೆ. ತಾಲೀಮಿನಷ್ಟು ಬಿಗಿಯಾದ ಪಾಠಶಾಲೆ ಈ ಸೀಮೆಯಲ್ಲಿ ಇನ್ನೊಂದಿಲ್ಲ. ಹುಡುಗರು ಅಲ್ಲಿಂದ ಓಡಿಹೋಗುವುದಿಲ್ಲ.

ಓಡಿಹೋಗುವವರೂ ಇದ್ದಾರೆ, ಒಪ್ಪುತ್ತೇನೆ. ಇಷ್ಟವಿದ್ದವನು ತಾಲೀಮಿಗೆ ಬರುತ್ತಾನೆ, ಶಾಲೆಗೆ ಎಲ್ಲರೂ ಬರಲೇಬೇಕು. ಕೊಲ್ಲಾಪುರದಲ್ಲಿ ಖಾಸಬಾಗ ಕುಸ್ತಿ ಮೈದಾನ ಕಟ್ಟಿಸಿದ ಶಾಹೂ ಮಹಾರಾಜರೇ 1917ರಲ್ಲಿ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡಿದರು. ಮಗುವನ್ನು ಶಾಲೆಗೆ ಕಳಿಸದಿದ್ದರೆ ತಿಂಗಳಿಗೆ ಒಂದು ರೂಪಾಯಿ ದಂಡ. ದಂಡ ಬೀಳುತ್ತಿದ್ದದ್ದು ತಂದೆಗೆ, ಮಗುವಿಗಲ್ಲ. ನಮ್ಮ ‘ಬಿಗಿ’ ಮಾತ್ರ ಇಡೀ ಭಾರವನ್ನು ಹದಿನಾರರ ಹುಡುಗನ ಮೇಲೆ, ಅದೂ ಮಾರ್ಚ್ ತಿಂಗಳ ಒಂದು ಮಧ್ಯಾಹ್ನಕ್ಕೆ ಹೇರುತ್ತದೆ.

ಪಕ್ಕದ ಮನೆಯ ಹುಡುಗನ ಗಣಿತದ ವಹಿ ಒಮ್ಮೆ ತಿರುವಿ ಹಾಕಿದೆ. ಶಾಲೆ ಯಾವುದೆಂದು ಹೇಳುವುದು ಬೇಡ. ಫಳ್ಯಾದಿಂದ ಬರೆದುಕೊಳ್ಳುವಾಗ ಅವನು ಋಣ ಚಿಹ್ನೆ ಬಿಟ್ಟಿದ್ದ. ಮುಂದಿನ ನಾಲ್ಕು ಸಾಲೂ ತಪ್ಪು. ಅದರ ಮೇಲೆ ಕೆಂಪು ಶಾಯಿಯ ದೊಡ್ಡ ರೈಟ್, ಕೆಳಗೆ ಸಹಿ, ತಾರೀಖು. ಕೇಳಿದರೆ ಅವನು ನಗುತ್ತ ಹೇಳಿದ: “ಕಾಕಾ, ಸರ್ ಬರೇ ರೈಟ್ ಹಾಕ್ತಾರ್ರಿ, ಓದಂಗಿಲ್ಲ.” ಆ ನಗುವಿನಲ್ಲಿ ನನಗೆ ಮೊಬೈಲಿನ ದೋಷ ಕಾಣಲಿಲ್ಲ. ತಾನು ಬರೆದದ್ದನ್ನು ಯಾರೂ ಓದುವುದಿಲ್ಲ ಎಂದು ಗೊತ್ತಾದ ಮೇಲೆ ಎಚ್ಚರದಿಂದ ಬರೆಯುವವನು ಯಾರು? ದೊಡ್ಡವರು ಬರೆಯುತ್ತೇವೆಯೇ?

ಇನ್ನೊಂದು ತೊಡಕು ಗಡಿಯವರದ್ದೇ. ಮನೆಯಲ್ಲಿ ಕನ್ನಡ, ವರ್ಗದಲ್ಲಿ ಮರಾಠಿ, ಹನ್ನೊಂದಕ್ಕೆ ವಿಜ್ಞಾನ ಹಿಡಿದರೆ ಇಂಗ್ಲಿಷ್. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ ಕನ್ನಡ ಮಾಧ್ಯಮದ ಪುಸ್ತಕಗಳನ್ನು ಅಚ್ಚು ಹಾಕುತ್ತದೆ ನಿಜ. ಪುಸ್ತಕ ಕೈಗೆ ಬಂದ ಮಾತ್ರಕ್ಕೆ ವಿಷಯ ಬಾಯಿಗೆ ಬರುವುದಿಲ್ಲ. ತನ್ನ ಮಾತಿನಲ್ಲಿ ಹೇಳಲು ಬಾರದ್ದನ್ನು ಹುಡುಗ ಗೈಡಿನಿಂದ ಉರು ಹೊಡೆಯುತ್ತಾನೆ. ಹೊರಗಿನಿಂದ ನೋಡಿದವರಿಗೆ ಅದೂ ಕಷ್ಟದ ಓದಿನ ಹಾಗೇ ಕಾಣುತ್ತದೆ.

ಮಾಸ್ತರರ ಕಷ್ಟ ನನಗೆ ಗೊತ್ತು. ಚುನಾವಣೆ ಅವರದ್ದೇ, ಗಣತಿ ಅವರದ್ದೇ, ಆನ್‌ಲೈನ್ ಮಾಹಿತಿ ತುಂಬುವುದೂ ಅವರದ್ದೇ. ಐವತ್ತು ಮಕ್ಕಳ ವಹಿಗಳನ್ನು ದಿನಾ ಓದಿ ಎಂದರೆ ಅನ್ಯಾಯ. ದಿನಕ್ಕೆ ಹತ್ತು ಓದಲಿ, ಒಂದಕ್ಕೆ ನಾಲ್ಕು ನಿಮಿಷ. ನಲವತ್ತು ನಿಮಿಷ, ಒಂದು ತಾಸಿಕೆಯಷ್ಟು ಹೊತ್ತು. ವಾರದೊಳಗೆ ಪ್ರತಿ ಮಗುವಿನ ತಪ್ಪೂ ಒಮ್ಮೆ ಕಣ್ಣಿಗೆ ಬೀಳುತ್ತದೆ. ಆ ನಲವತ್ತು ನಿಮಿಷವನ್ನು ಶಾಲೆಯ ವೇಳಾಪತ್ರಿಕೆಯಲ್ಲೇ ಬಿಡಿಸಿ ಕೊಡಬೇಕಾದವರು ಸರ್ಕಾರ ಮತ್ತು ಆಡಳಿತ ಮಂಡಳಿಯವರು. ಇದು ಸಿಗುವವರೆಗೆ ಪಾಸಿನ ಅಂಕ 35 ಆಗಲಿ 33 ಆಗಲಿ, ಆ ವಾದಕ್ಕೆ ನನ್ನ ಮಟ್ಟಿಗೆ ಬೆಲೆಯಿಲ್ಲ.

ಜೂನ್‌ನಲ್ಲಿ ಶಾಲೆ ತೆರೆದು ಪಾಲಕರ ಸಭೆ ಕರೆದಾಗ ಶೇಕಡಾವಾರು ಫಲಿತಾಂಶ ಕೇಳಬೇಡಿ. ಹತ್ತು ವಹಿಗಳನ್ನು ತರಿಸಿ, ಮೇಜಿನ ಮೇಲೆ ಬಿಚ್ಚಿಡಲು ಹೇಳಿ.